ನಲವತ್ತಾರರ ಅಜ್ಜ ಅರವತ್ತೈದರಂತೆ ಕಂಡದ್ದೇಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. 1962ರಲ್ಲಿ ದೊಡ್ಡತ್ತೆಯ ಮದುವೆಯ ಮರುದಿನ ಮನೆಯ ಅಂಗಳದಲ್ಲಿ ತೆಗೆಸಿದ ಒಂದು ಫೋಟೊ ನಮ್ಮಲ್ಲಿದೆ. ಕುರ್ಚಿಯ ಮೇಲೆ ಕುಳಿತಿರುವ ಅಜ್ಜನಿಗೆ ಆಗ 46 ವರ್ಷ, ಪಕ್ಕದಲ್ಲಿರುವ ಅಜ್ಜಿಗೆ 38 ಎಂದು ಮನೆಯವರು ಹೇಳುತ್ತಾರೆ. ನೋಡಿದವರೆಲ್ಲ ಅಜ್ಜನಿಗೆ 65 ಆದರೂ ಆಗಿರಬೇಕು ಎನ್ನುತ್ತಾರೆ. ನನಗೀಗ 48, ಯಾರೂ ನನ್ನನ್ನು ಮುದುಕ ಎಂದಿಲ್ಲ. ಹಿಂದಿನವರು ಒಳ್ಳೆಯ ಗಾಳಿ, ಕಲಬೆರಕೆಯಿಲ್ಲದ ಊಟದಿಂದ ಗಟ್ಟಿಮುಟ್ಟಾಗಿದ್ದರು ಎಂದು ಕೇಳುತ್ತಲೇ ಬೆಳೆದ ನನಗೆ ಇದು ಅರ್ಥವಾಗುತ್ತಿಲ್ಲ. ಅವರು ನಿಜವಾಗಿಯೂ ಬೇಗ ಮುದುಕರಾದರೇ, ಅಥವಾ ನಮ್ಮ ಕಣ್ಣಿಗೆ ಹಾಗೆ ಕಾಣುತ್ತದೆಯೇ? ನಾನು ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟರೆ ನಾನೂ ಹಾಗೆಯೇ ಕಾಣುತ್ತೇನೆಯೇ?

ಉತ್ತರ: ನೀವು ಕಳುಹಿಸಿದ ಫೋಟೊದ ಪ್ರತಿಯನ್ನು ನಾಲ್ಕೈದು ಸಲ ನೋಡಿದೆ. ಚರ್ಮವೈದ್ಯನಾಗಿ ಶಿವಮೊಗ್ಗದಲ್ಲಿ ಮೂವತ್ತು ವರ್ಷ ಮುಖಗಳನ್ನೇ ನೋಡುತ್ತ ಬಂದಿರುವ ನನಗೂ, ವಯಸ್ಸು ತಿಳಿಸದೆ ಆ ಚಿತ್ರ ತೋರಿಸಿದ್ದರೆ, ನಿಮ್ಮ ಅಜ್ಜನಿಗೆ 60 ದಾಟಿದೆ ಎಂದೇ ಅನ್ನಿಸುತ್ತಿತ್ತು. ನೀವು ಕೇಳಿರುವ ಎರಡಕ್ಕೂ ಉತ್ತರ ಹೌದು ಎಂದೇ, ಆದರೆ ಎರಡರ ಪಾಲೂ ಸಮನಲ್ಲ. ದೇಹ ನಿಜವಾಗಿ ಸವೆದದ್ದು ಹೆಚ್ಚು, ನಮ್ಮ ಕಣ್ಣು ತಾನಾಗಿ ಸೇರಿಸುವುದು ಕಡಿಮೆ. ಆ ಸವೆತದಲ್ಲಿಯೂ ಎಲ್ಲರೂ ಮೊದಲು ಹೆಸರಿಸುವ ಬಿಸಿಲಿಗಿಂತ ಬಾಯಿ ಮತ್ತು ರಕ್ತ ಇವೆರಡರ ಪಾಲು ನಮ್ಮ ಮಲೆನಾಡಿನಲ್ಲಿ ದೊಡ್ಡದಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ 46 ಎಂಬ ಸಂಖ್ಯೆಯನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು. ಜನನ ಮರಣ ನೋಂದಣಿಯನ್ನು ದೇಶಕ್ಕೆಲ್ಲ ಒಂದೇ ಕಾನೂನಿನಡಿ ತಂದದ್ದು 1969ರಲ್ಲಿ. ಅದಕ್ಕೆ ಐವತ್ತು ವರ್ಷಗಳಿಗೂ ಮೊದಲು ಹುಟ್ಟಿದ ನಿಮ್ಮ ಅಜ್ಜನ ವಯಸ್ಸಿಗೆ ಆಧಾರವಾಗಿ ಇರಬಹುದಾದದ್ದು ಒಂದು ಜಾತಕ, ಇಲ್ಲವೇ ಶಾಲೆಯ ದಾಖಲೆ, ಎರಡೂ ಇಲ್ಲದಿದ್ದರೆ ಮನೆಯವರ ನೆನಪು. ಜಾತಕವಿದ್ದರೆ ಚಿಂತೆಯಿಲ್ಲ. ಶಾಲೆಯ ದಾಖಲೆಯಾದರೆ, ಹುಡುಗನ ಎತ್ತರ ನೋಡಿ ಮೇಷ್ಟ್ರು ಬರೆದುಕೊಂಡ ಜೂನ್ 1ನೆಯ ತಾರೀಖು ಅದಾಗಿರುವ ಸಾಧ್ಯತೆ ಇದೆ, ಮತ್ತು ಅಂಥ ದಾಖಲೆಯಲ್ಲಿ ವಯಸ್ಸು ಎರಡು ಮೂರು ವರ್ಷ ಕಡಿಮೆಯಾಗಿರುವುದೇ ಹೆಚ್ಚು. ನೆನಪಾದರೆ ಕೇಳುವುದೇ ಬೇಡ: ವಯಸ್ಸನ್ನು 40, 45, 50 ಎಂದು ಹತ್ತಿರದ ಐದಕ್ಕೆ, ಹತ್ತಕ್ಕೆ ಹೊಂದಿಸಿ ಹೇಳುವುದು ಎಷ್ಟು ಸಾಮಾನ್ಯವೆಂದರೆ, ಜನಗಣತಿಯ ಪಟ್ಟಿಗಳಲ್ಲಿ ಆ ಸಂಖ್ಯೆಗಳ ಮುಂದೆ ಜನ ಗುಂಪುಗುಂಪಾಗಿ ಸೇರಿಕೊಂಡಿರುವುದು ಕಾಣುತ್ತದೆ. ನನ್ನಲ್ಲಿಗೆ ಬರುವ ಹಿರಿಯರು ಇಂದಿಗೂ ವಯಸ್ಸಿನ ಬದಲು ಘಟನೆಯನ್ನೇ ಹೇಳುತ್ತಾರೆ. 1942ರ ಈಸೂರು ದಂಗೆಯ ವರ್ಷ ಹುಟ್ಟಿದ್ದು, 1951ರ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ದನ ಕಾಯುವಷ್ಟು ದೊಡ್ಡವನಾಗಿದ್ದೆ, ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಬಿಟ್ಟು ಬರುವಾಗ ಕಂಕುಳಲ್ಲಿ ಮಗುವಿತ್ತು ಎಂಬ ಈ ಲೆಕ್ಕ ರೇಷನ್ ಕಾರ್ಡಿನ ಲೆಕ್ಕಕ್ಕಿಂತ ಬಹಳ ಸಲ ನಂಬಿಕೆಗೆ ಅರ್ಹ, ಮತ್ತು ಅದನ್ನು ಹಿಡಿದು ಹೊರಟಾಗ ಕಾರ್ಡಿನಲ್ಲಿ 70 ಇದ್ದವರಿಗೆ 75 ಆಗಿರುವುದು ತಿಳಿದುಬರುತ್ತದೆ. ಆದ್ದರಿಂದ ನಿಮ್ಮ ಅಜ್ಜನಿಗೆ ಆಗ 49 ಅಥವಾ 50 ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಆದರೂ 65ಕ್ಕೂ 50ಕ್ಕೂ ನಡುವೆ ಹದಿನೈದು ವರ್ಷ ಉಳಿಯುತ್ತದೆ, ಮತ್ತು ಅದಕ್ಕೆ ಕಾರಣವನ್ನು ಮುಖದಲ್ಲಿಯೇ ಹುಡುಕಬೇಕು.

ಒಂದು ಬಿಳಿಯ ಕಾಗದ ತೆಗೆದುಕೊಂಡು ಫೋಟೊದಲ್ಲಿ ಅಜ್ಜನ ಮೂಗಿನ ತುದಿಯಿಂದ ಕೆಳಗಿನ ಭಾಗವನ್ನು ಮುಚ್ಚಿ ನೋಡಿ. ನಾನು ಹಾಗೆ ಮಾಡಿದಾಗ ಉಳಿದ ಹಣೆ, ಕಣ್ಣು, ಕೆನ್ನೆಯ ಮೇಲ್ಭಾಗಗಳಿಗೆ 50ಕ್ಕಿಂತ ಹೆಚ್ಚು ವಯಸ್ಸು ಹೇಳಲು ಮನಸ್ಸು ಬರಲಿಲ್ಲ. ಕಾಗದವನ್ನು ತಿರುಗಿಸಿ ಮೇಲ್ಭಾಗವನ್ನು ಮುಚ್ಚಿದರೆ ಕೆಳಗೆ ಉಳಿಯುವುದು ಮುದುಕನ ಬಾಯಿ: ತುಟಿಗಳು ಒಳಕ್ಕೆ ಮಡಚಿಕೊಂಡಿವೆ, ಬಾಯಿಯ ಎರಡು ಕೊನೆಗಳಿಂದ ಗೆರೆಗಳು ಕೆಳಗಿಳಿದಿವೆ, ಗಲ್ಲ ಮುಂದಕ್ಕೆ ಚಾಚಿ ಮೂಗಿನ ಕಡೆಗೆ ಏರಿದಂತಿದೆ. ಇದು ಹಲ್ಲು ಹೋದ ಬಾಯಿಯ ಲಕ್ಷಣ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆಗೆ ಕೆಲಸವಿಲ್ಲದೆ ಅದು ಕರಗುತ್ತದೆ. ಆ ಜಾಗದ ಅಗಲದಲ್ಲಿ ಸುಮಾರು ಅರ್ಧ ಮೊದಲ ಒಂದು ವರ್ಷದಲ್ಲಿಯೇ ಹೋಗುತ್ತದೆ. ಒಂದೆರಡು ಹಲ್ಲಿಗೆ ಇದು ಹೊರಗೆ ತಿಳಿಯದು. ಹತ್ತು ಹನ್ನೆರಡು ಹೋದಾಗ ಕೆನ್ನೆಗೂ ತುಟಿಗೂ ಹಿಂದಿನಿಂದ ಇದ್ದ ಆಸರೆ ತಪ್ಪುತ್ತದೆ, ದವಡೆಗಳು ಇರಬೇಕಾದದ್ದಕ್ಕಿಂತ ಹೆಚ್ಚು ಹತ್ತಿರ ಮುಚ್ಚಿಕೊಳ್ಳುತ್ತವೆ, ಮುಖದ ಕೆಳಗಿನ ಮೂರನೆಯ ಒಂದು ಭಾಗವೇ ಗಿಡ್ಡವಾಗುತ್ತದೆ. ಚರ್ಮ ಎಷ್ಟೇ ಚೆನ್ನಾಗಿರಲಿ, ಈ ಒಂದು ಬದಲಾವಣೆಯೇ ಹತ್ತು ವರ್ಷ ಸೇರಿಸಬಲ್ಲದು. ಗಂಟಲ ತನಕ ಕ್ರೀಮ್ ಹಚ್ಚುತ್ತಿರುವ, ಆದರೆ ಹಲ್ಲು ಕಟ್ಟಿಸಿಕೊಳ್ಳದ ರೋಗಿಗಳಿಗೆ ನಾನು ಹೇಳುವ ಮೊದಲ ಮಾತು ದಂತವೈದ್ಯರ ಹತ್ತಿರ ಹೋಗಿ ಎಂಬುದೇ.

ಅಂದಿನವರ ಹಲ್ಲು ಏಕೆ ಅಷ್ಟು ಬೇಗ ಹೋಯಿತು? ಸಕ್ಕರೆ ಕಡಿಮೆ ತಿನ್ನುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಹುಳುಕು ಕಡಿಮೆಯಿತ್ತು ಎಂಬುದು ಬಹಳಷ್ಟು ನಿಜ. ಅವರ ಹಲ್ಲನ್ನು ಬೀಳಿಸಿದ್ದು ವಸಡಿನ ರೋಗ. ಇಜ್ಜಲುಪುಡಿ, ಉಪ್ಪು, ಬೂದಿಗಳಿಂದ ತಿಕ್ಕಿದ ಹಲ್ಲು ಹೊಳೆಯುತ್ತದೆ, ಆದರೆ ಮೇಲ್ಪದರ ಸವೆಯುತ್ತದೆ, ಹಲ್ಲುಗಳ ಸಂದಿಯ ಪಾಚಿ ಹಾಗೆಯೇ ಉಳಿದು ಗಟ್ಟಿಯಾಗುತ್ತದೆ. ಅದರ ಮೇಲೆ ನಮ್ಮ ಕವಳ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿದ ಕವಳವನ್ನು ಬೆಳಗಿನಿಂದ ರಾತ್ರಿಯವರೆಗೆ ಹತ್ತು ಹದಿನೈದು ಸಲ ಹಾಕುತ್ತಿದ್ದ ಬಾಯಿಯಲ್ಲಿ ವಸಡು ಹಿಂದಕ್ಕೆ ಸರಿಯುತ್ತದೆ, ಅಡಿಕೆಯ ಗಟ್ಟಿತನಕ್ಕೆ ದವಡೆಹಲ್ಲು ಚಪ್ಪಟೆಯಾಗಿ ಸವೆಯುತ್ತದೆ. ಇನ್ನೂ ಕೆಲವರಲ್ಲಿ ಅಡಿಕೆಯಿಂದಲೇ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದು, ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದೆ, ಕೆನ್ನೆ ಒಳಗೆ ಸೆಳೆದಂತಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅಡಿಕೆಯ ದುಡ್ಡಿನಲ್ಲಿ ಓದಿದ ನನಗೆ ಇದನ್ನು ಬರೆಯುವುದು ಹಿತವಾದ ಕೆಲಸವಲ್ಲ. ಆದರೆ ಊರ ಬೆಳೆ ಎಂಬ ಕಾರಣಕ್ಕೆ ಬಾಯಿಯ ಒಳಗೆ ಕಂಡದ್ದನ್ನು ಬಿಟ್ಟು ಬರೆಯಲಾಗದು.

ಇನ್ನು ರಕ್ತ. ನಿಮ್ಮ ಅಜ್ಜಿಯ ಮುಖವನ್ನು ನೋಡಿ. ಅಲ್ಲಿ ಸುಕ್ಕು ಬಹಳವಿಲ್ಲ, ಆದರೆ ಕಣ್ಣಿನ ಕೆಳಗೆ ಊತವಿದೆ, ಕೆನ್ನೆಯಲ್ಲಿ ಜೀವವಿಲ್ಲ, ಇಡೀ ಮುಖಕ್ಕೆ ದಣಿವಿನ ಮುಸುಕು ಹೊದಿಸಿದಂತಿದೆ. ಕಪ್ಪು ಬಿಳುಪು ಚಿತ್ರದಿಂದ ರೋಗ ಹೇಳುವುದು ವೈದ್ಯನಿಗೆ ಸಲ್ಲದ ಧೈರ್ಯ, ಆದ್ದರಿಂದ ಇದನ್ನು ಊಹೆ ಎಂದೇ ತೆಗೆದುಕೊಳ್ಳಿ: ಇದು ಬಹುಕಾಲದ ರಕ್ತಹೀನತೆಯ ಮುಖ. ಆ ಕಾಲದ ಮಲೆನಾಡಿನ ಹೆಂಗಸಿಗೆ ರಕ್ತ ಕಡಿಮೆಯಾಗಲು ದಾರಿಗಳು ಒಂದೆರಡಲ್ಲ. ತೋಟ, ಗದ್ದೆ, ಗೊಬ್ಬರಗುಂಡಿಗಳ ಹಸಿಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆಯುವವರ ಪಾದದ ಚರ್ಮವನ್ನು ಕೊರೆದು ಕೊಕ್ಕೆಹುಳುವಿನ ಮರಿ ಒಳಸೇರುತ್ತದೆ, ಶ್ವಾಸಕೋಶದ ದಾರಿಯಾಗಿ ಕರುಳಿಗೆ ಇಳಿದು ಅಲ್ಲಿ ಕಚ್ಚಿಕೊಂಡು ಕುಳಿತುಕೊಳ್ಳುತ್ತದೆ. ಒಂದು ಹುಳು ದಿನಕ್ಕೆ ಹೀರುವ ರಕ್ತ ಒಂದು ಹನಿಗಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ಅಷ್ಟೆ, ಆದರೆ ಹುಳು ಒಂದೇ ಇರುವುದಿಲ್ಲ, ದಿನವೂ ಒಂದೇ ಅಲ್ಲ. ಕಾಲ್ಬೆರಳ ಸಂದಿಯಲ್ಲಿ ಮಳೆಗಾಲದ ತುಂಬ ಇರುತ್ತಿದ್ದ ತುರಿಕೆಯನ್ನು ಕೆಸರುಹುಣ್ಣು ಎಂದು ಬಿಟ್ಟುಬಿಡುತ್ತಿದ್ದರು. ಅದರಲ್ಲಿ ಎಷ್ಟೋ ಈ ಹುಳು ಒಳಹೊಕ್ಕ ಗುರುತಾಗಿರುತ್ತಿತ್ತು.

ಮಲೇರಿಯಾ ಇನ್ನೊಂದು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು. ಚಳಿಜ್ವರದ ಸೀಮೆಯೆಂದೇ ಬಯಲಿನವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಮಲೆನಾಡು ಅದರಲ್ಲಿ ದೊಡ್ಡ ಪಾಲುದಾರ. ಸರ್ಕಾರಿ ನೌಕರರಿಗೆ ತೀರ್ಥಹಳ್ಳಿ, ಸಾಗರದ ಕಡೆಗೆ ವರ್ಗವಾದರೆ ಅದು ಶಿಕ್ಷೆ ಎಂಬ ಭಾವನೆ ಇದ್ದದ್ದು ಇದೇ ಕಾರಣಕ್ಕೆ. ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಗೋಡೆಗಳಿಗೆ ಡಿಡಿಟಿ ಹೊಡೆಯುವವರು ಹಳ್ಳಿಗಳಿಗೆ ಬರುವ ಮೊದಲೇ ನಿಮ್ಮ ಅಜ್ಜ ಅಜ್ಜಿಯರ ಬಾಲ್ಯ, ಯೌವನಗಳು ಮುಗಿದಿದ್ದವು. ಜ್ವರ ಒಂದು ಸಲ ಬಂದು ಹೋಗುವಂಥದ್ದಾಗಿರಲಿಲ್ಲ. ಪ್ರತಿ ವರ್ಷ ಮರಳಿ ಬಂದು, ಬಂದಾಗಲೆಲ್ಲ ಕೆಂಪು ರಕ್ತಕಣಗಳನ್ನು ಒಡೆದು, ಗುಲ್ಮವನ್ನು ಊದಿಸಿ, ಮನುಷ್ಯನನ್ನು ಅರ್ಧ ಮಾಡಿ ಹೋಗುತ್ತಿತ್ತು.

ಹೆಂಗಸರಿಗೆ ಇವೆರಡರ ಮೇಲೆ ಹೆರಿಗೆ. ಒಂದು ಬಸಿರು ತಾಯಿಯ ದೇಹದಿಂದ ಕೇಳುವ ಕಬ್ಬಿಣಾಂಶ ಸುಮಾರು 1,000 ಮಿಲಿಗ್ರಾಂ. ಚೆನ್ನಾಗಿ ಉಂಡುಟ್ಟು ಇರುವ ಹೆಂಗಸಿನ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವೇ ಅದರ ಮೂರನೆಯ ಒಂದು ಭಾಗದಷ್ಟಿರುತ್ತದೆ. ಸಾಲ ತೀರುವ ಮೊದಲೇ ಮುಂದಿನ ಬಸಿರು ನಿಂತರೆ ಬಡ್ಡಿ ಸೇರುತ್ತ ಹೋಗುತ್ತದೆ. 1950ರ ದಶಕದ ಭಾರತದಲ್ಲಿ ಹೆಂಗಸಿಗೆ ಸರಾಸರಿ ಆರು ಮಕ್ಕಳು, ಈಗ ಎರಡು. ಮೈಸೂರು ಸರ್ಕಾರ 1930ರಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೇ ಮುಂದಾಗಿ ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಆದರೆ ಆ ಬಾಗಿಲು ಮಲೆನಾಡಿನ ಒಂಟಿಮನೆಗಳಿಂದ ಬಲುದೂರ ಇತ್ತು. 19 ವರ್ಷದ ಮಗಳ ಮದುವೆ ಮಾಡುವಾಗ ನಿಮ್ಮ ಅಜ್ಜಿಗೆ 38 ಎಂದರೆ ಮೊದಲ ಹೆರಿಗೆಯ ಹೊತ್ತಿಗೆ ಅವರಿಗೆ 19 ಇದ್ದಿರಬೇಕು. ಫೋಟೊದಲ್ಲಿ ಅವರ ಮಡಿಲಿನಲ್ಲಿರುವ ಮಗು ಮೊಮ್ಮಗುವಲ್ಲ, ಅವರದೇ ಕೊನೆಯ ಮಗು ಎಂದು ನೀವು ಬರೆದಿದ್ದೀರಿ. ನಡುವಿನ ಎರಡು ದಶಕಗಳಲ್ಲಿ ಬಸಿರು, ಬಾಣಂತನ, ಎದೆಹಾಲು ಇವು ಮೂರರಲ್ಲಿ ಯಾವುದೂ ಇಲ್ಲದ ತಿಂಗಳುಗಳನ್ನು ಲೆಕ್ಕ ಹಾಕಿದರೆ ಬಹಳ ಸಿಗಲಿಕ್ಕಿಲ್ಲ. ಇದೆಲ್ಲ ಕಳೆದುಹೋದ ಕಾಲದ ಮಾತು ಎಂದುಕೊಳ್ಳಬೇಡಿ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು.

ಈಗ ಬಿಸಿಲಿಗೆ ಬರೋಣ. ಚರ್ಮಕ್ಕೆ ಬಿಗಿ ಕೊಡುವ ಕೊಲ್ಯಾಜೆನ್ ಎಂಬ ನಾರು, ಎಳೆದರೆ ಮರಳಿ ಬರುವಂತೆ ಮಾಡುವ ಎಲಾಸ್ಟಿನ್ ಎಂಬ ನಾರು, ಎರಡನ್ನೂ ಬಿಸಿಲಿನ ಅತಿನೇರಳೆ ಕಿರಣಗಳು ಹಾಳುಮಾಡುತ್ತವೆ. ಇದಕ್ಕೆ ನಮ್ಮ ಪಠ್ಯಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆ ಅಮೆರಿಕದ ಒಬ್ಬ ಲಾರಿ ಚಾಲಕನದು. 28 ವರ್ಷ ಲಾರಿ ಓಡಿಸಿದ, 69 ವರ್ಷದ ಆತನ ಮುಖದ ಎಡಭಾಗ ಮಾತ್ರ ಆಳವಾಗಿ ಸುಕ್ಕುಗಟ್ಟಿತ್ತು. ಚಾಲಕನ ಕಿಟಕಿ ಅಲ್ಲಿ ಎಡಕ್ಕಿರುತ್ತದೆ. ಕಿಟಕಿಯ ಗಾಜು ಚರ್ಮ ಸುಡುವ ಕಿರಣಗಳನ್ನು ತಡೆದರೂ ಒಳಗಿನ ನಾರಿನವರೆಗೆ ಇಳಿಯುವ ಕಿರಣಗಳನ್ನು ಬಿಡುತ್ತದೆ. 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಆ ಚಿತ್ರವನ್ನು ನಾನೂ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಆದರೆ ಅದನ್ನು ನಮ್ಮವರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ನಮ್ಮ ಚರ್ಮದಲ್ಲಿ ಹೆಚ್ಚಿರುವ ಮೆಲನಿನ್ ಎಂಬ ಬಣ್ಣದ ಕಣ ಆ ಕಿರಣಗಳಲ್ಲಿ ಬಹುಪಾಲನ್ನು ಮೇಲ್ಪದರದಲ್ಲಿಯೇ ತಡೆಯುತ್ತದೆ. ಆದ್ದರಿಂದ ನಮ್ಮಲ್ಲಿ ಬಿಸಿಲಿನ ಮುಪ್ಪು ಸಣ್ಣ ಸುಕ್ಕುಗಳಿಗಿಂತ ಮೊದಲು ಬಣ್ಣದ ಏರುಪೇರಾಗಿ, ಕೆನ್ನೆಯ ಬಂಗಾಗಿ, ಕಣ್ಣ ಸುತ್ತಿನ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ.

ಇದರಲ್ಲಿಯೂ ಎಲ್ಲ ಮಲೆನಾಡಿಗರಿಗೆ ಒಂದೇ ಲೆಕ್ಕ ಹೊಂದುವುದಿಲ್ಲ. ಅಡಿಕೆ ತೋಟದ ಕೆಲಸ ನೆರಳಿನದು. ಗದ್ದೆಯ ಕೆಲಸ, ಸುಗ್ಗಿಯ ಕಣ, ಅಡಿಕೆ ಹರವುವ ಅಂಗಳ ಇವು ಬಿಸಿಲಿನವು. ನಾಟಿಯ ಕಾಲಕ್ಕೆ ಕಂಬಳಿಕೊಪ್ಪೆಯೋ ಗೊರಬೋ ತಲೆಯ ಮೇಲಿರುತ್ತಿತ್ತು, ಕೊಯ್ಲಿನ ಕಾಲಕ್ಕೆ ಹಾಳೆಟೊಪ್ಪಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಒಬ್ಬ ಕೊನೆಗೌಡ ಕತ್ತಿನ ಚರ್ಮ ದಪ್ಪವಾಗಿದೆ ಎಂದು ನನ್ನ ಬಳಿ ಬಂದಿದ್ದರು. ಮರದ ತುದಿಯಲ್ಲಿ, ನೆರಳಿನ ಮೇಲೆ, ನಲವತ್ತು ವರ್ಷ ಕೊನೆ ಇಳಿಸಿದವರು. ಕತ್ತಿನ ಹಿಂಭಾಗ ಬಿರುಕುಬಿಟ್ಟ ಕೆರೆಯ ತಳದಂತೆ ಗೆರೆಗೆರೆಯಾಗಿತ್ತು. ತೋಳನ್ನು ಎತ್ತಿಸಿ ಕಂಕುಳ ಹತ್ತಿರದ ಒಳಮೈ ತೋರಿಸಿ, ಇದು ಯಾರ ಚರ್ಮ ಎಂದು ಕೇಳಿದೆ. ಒಂದೇ ದೇಹದ, ಒಂದೇ ದಿನ ಹುಟ್ಟಿದ ಚರ್ಮ ಅಲ್ಲಿ ಮೂವತ್ತರವನದಂತೆ ನುಣುಪಾಗಿತ್ತು. ಅವರು ಸ್ವಲ್ಪ ಹೊತ್ತು ನೋಡಿ, “ಅಲ್ಲಿ ಕೆಲಸ ಮಾಡಿಲ್ಲಲ ಡಾಕ್ಟ್ರೆ” ಎಂದರು. ನೀವೂ ಇಂದು ರಾತ್ರಿ ದೀಪದ ಕೆಳಗೆ ಮುಂಗೈಯ ಹೊರಮೈಯನ್ನೂ ಮೇಲ್ತೋಳಿನ ಒಳಮೈಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಎರಡರ ನಡುವಿನ ಅಂತರ ಎಷ್ಟೋ ಅಷ್ಟು ಬಿಸಿಲಿನ ಲೆಕ್ಕ, ಉಳಿದದ್ದು ವಯಸ್ಸಿನದು.

ಹೆಂಗಸರಿಗೆ ಬಿಸಿಲಿನ ಜಾಗದಲ್ಲಿ ಹೊಗೆ ಇತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆಯುವ ಮಾತಿಲ್ಲ. ಒದ್ದೆ ಸೌದೆ, ಊದುಗೊಳವೆ, ಮಾಡಿನ ಸಂದಿಯಲ್ಲಿ ದಾರಿ ಹುಡುಕುವ ಹೊಗೆ. ಸುಗ್ಗಿ ಬಂದರೆ ಅಡಿಕೆ ಬೇಯಿಸುವ ಹಂಡೆಯ ಒಲೆ, ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಸುಲಿತ. ಸೌದೆಯ ಹೊಗೆಯ ಕಣಗಳು ಕಣ್ಣಿನ ಪೊರೆಯನ್ನೂ ಮುಖದ ಸುಕ್ಕನ್ನೂ ಹೆಚ್ಚಿಸುವುದರ ಕಡೆಗೆ ಬೆರಳು ಮಾಡುವ ಅಧ್ಯಯನಗಳು ಭಾರತ, ಚೀನಾಗಳಲ್ಲಿ ನಡೆದಿವೆ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಬಂದ ಗೆರೆಗಳು ಬೇರೆ. ಫೋಟೊದಲ್ಲಿ ನಿಮ್ಮ ಅಜ್ಜಿಯ ಬಲಗೈ ಮಗುವಿನ ಹೊಟ್ಟೆಯ ಮೇಲಿದೆ. ಬೆರಳ ತುದಿಗಳು ಕೈಗಿಂತ ಎಷ್ಟೋ ಕಪ್ಪಾಗಿವೆ. ಅದು ಫೋಟೊದ ದೋಷವಲ್ಲ. ಅಡಿಕೆಯ ಚೊಗರು ಹಿಡಿದ ಬೆರಳು ಮದುವೆಯ ಹೊತ್ತಿಗೂ ಬಿಳಿಯಾಗುವುದಿಲ್ಲ ಎಂಬುದು ನನ್ನ ತಾಯಿಯ ಕೈ ನೋಡಿ ಬೆಳೆದ ನನಗೆ ಗೊತ್ತು. ಗಂಡಸರಲ್ಲಿ ಈ ಪಾಲನ್ನು ಬೀಡಿ ತುಂಬುತ್ತಿತ್ತು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಗೆ ಕೊಲ್ಯಾಜೆನ್ ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ವಿವರ ಇಷ್ಟು ಸಾಕು.

ಮೈಯ ಕೊಬ್ಬಿನ ಬಗ್ಗೆಯೂ ಒಂದು ಮಾತು. ಮುಖವನ್ನು ಎಳೆಯದಾಗಿ ತೋರಿಸುವುದರಲ್ಲಿ ಚರ್ಮದ ಕೆಳಗಿನ ಕೊಬ್ಬಿನ ಪಾತ್ರ ದೊಡ್ಡದು. ಅವಳಿಗಳನ್ನು ಹೋಲಿಸಿ ನೋಡಿದಾಗ, 40 ದಾಟಿದ ಮೇಲೆ ಇಬ್ಬರಲ್ಲಿ ಸ್ವಲ್ಪ ದಪ್ಪಗಿರುವವರೇ ಚಿಕ್ಕವರಾಗಿ ಕಾಣುತ್ತಾರೆ ಎಂಬುದು ಕಂಡಿದೆ. ಗದ್ದೆಯ ಭತ್ತ ಆಷಾಢಕ್ಕೆ ಮುಗಿದು, ಹಲಸಿನ ಬೀಜ, ಕೆಸುವಿನ ಸೊಪ್ಪಿನಲ್ಲಿ ದಿನ ತಳ್ಳುತ್ತಿದ್ದವರ ಕೆನ್ನೆಯಲ್ಲಿ ಆ ಕೊಬ್ಬು ಎಲ್ಲಿಂದ ಬರಬೇಕು? ನಿಮ್ಮ ಕೆನ್ನೆ ತುಂಬಿರುವುದು ಆರೋಗ್ಯದ ಗುರುತೇ ಆಗಿರಬೇಕೆಂದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಮ್ಮೆ ಸಕ್ಕರೆಯ ಪರೀಕ್ಷೆ ಮಾಡಿಸಿ.

ಹಾಗಾದರೆ ಹಿಂದಿನವರು ಗಟ್ಟಿಗರು ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಆದರೆ ಅದು ಉಳಿದವರನ್ನು ಮಾತ್ರ ನೋಡಿ ಹೇಳಿದ ಮಾತು. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಈಗ 70ರ ಆಸುಪಾಸು. 32 ಎಂದರೆ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಎಂದಲ್ಲ. ತೊಟ್ಟಿಲಿನಲ್ಲಿ, ಬಾಣಂತನದಲ್ಲಿ ಹೋದವರೆಲ್ಲ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿದ್ದರು. ಆ ಜರಡಿಯನ್ನು ದಾಟಿ 90ರವರೆಗೆ ಬದುಕಿ, ಕೋಲು ಹಿಡಿಯದೆ ಗುಡ್ಡ ಹತ್ತಿದ ಅಜ್ಜನೊಬ್ಬ ಪ್ರತಿ ಊರಿನಲ್ಲಿಯೂ ಇದ್ದಾನೆ, ನಾವು ನೆನಪಿಟ್ಟುಕೊಳ್ಳುವುದೂ ಅವನನ್ನೇ. ಅಲ್ಲದೆ ಮೈಯ ಕಸುವು ಬೇರೆ, ಮುಖದ ವಯಸ್ಸು ಬೇರೆ. ನಿಮ್ಮ ಅಜ್ಜ 65ರಂತೆ ಕಾಣುತ್ತಿದ್ದ ಆ ವರ್ಷದಲ್ಲಿಯೇ ನಾವಿಬ್ಬರೂ ಎತ್ತಲಾರದ ಗೊಬ್ಬರದ ಹೆಡಿಗೆಯನ್ನು ದಿನಕ್ಕೆ ಇಪ್ಪತ್ತು ಸಲ ಹೊರುತ್ತಿದ್ದಿರಬಹುದು. ಹಾಗೆಂದು ಮುಖಕ್ಕೂ ಆಯುಷ್ಯಕ್ಕೂ ನಂಟೇ ಇಲ್ಲವೆಂದೂ ಅಲ್ಲ. ಡೆನ್ಮಾರ್ಕಿನಲ್ಲಿ 70 ದಾಟಿದ 1,826 ಅವಳಿಗಳ ಫೋಟೊಗಳನ್ನು ಬೇರೆಯವರಿಗೆ ತೋರಿಸಿ ವಯಸ್ಸು ಊಹಿಸಲು ಹೇಳಿ, ಮುಂದಿನ ವರ್ಷಗಳಲ್ಲಿ ಆ ಅವಳಿಗಳ ಗತಿ ಏನಾಯಿತೆಂದು ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಹೆಚ್ಚು ವಯಸ್ಸಾದಂತೆ ಕಂಡವರೇ ಮೊದಲು ತೀರಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಅಮೆರಿಕದಲ್ಲಿ 1988–94ರ ಮತ್ತು 2007–10ರ ಜನರ ರಕ್ತದೊತ್ತಡ, ಶ್ವಾಸಕೋಶದ ಶಕ್ತಿ, ರಕ್ತಪರೀಕ್ಷೆಗಳನ್ನು ಹೋಲಿಸಿದಾಗಲೂ ಅದೇ ವಯಸ್ಸಿನ ಹೊಸ ತಲೆಮಾರಿನವರ ದೇಹದ ವಯಸ್ಸು ಕಡಿಮೆಯೆಂದು ತಿಳಿಯಿತು. ಎರಡು ದಶಕಗಳಲ್ಲಿ ಅಲ್ಲಿಯೇ ಇಷ್ಟು ವ್ಯತ್ಯಾಸವಾದರೆ, ಚಳಿಜ್ವರದ ಕಾಲದಿಂದ ಇಲ್ಲಿಯವರೆಗಿನ ಅರವತ್ತು ವರ್ಷಗಳಲ್ಲಿ ನಮ್ಮಲ್ಲಿ ಆದದ್ದು ಅದಕ್ಕಿಂತ ದೊಡ್ಡದಾಗಿರಲೇಬೇಕು.

ಇನ್ನು ನಮ್ಮ ಕಣ್ಣು ಸೇರಿಸುವ ಪಾಲು. ಕಚ್ಚೆಪಂಚೆ, ಹೆಗಲ ಮೇಲಿನ ಶಾಲು, ಕಿವಿಯ ಒಂಟಿ, ತಲೆಯ ರುಮಾಲು ಇವುಗಳನ್ನು ನಾವು ಕಣ್ಣಾರೆ ಕಂಡದ್ದು ಮುದುಕರ ಮೈಮೇಲೆ. ಹಳೆಯ ಉಡುಪನ್ನು ಬಿಡದೆ ಉಳಿಸಿಕೊಂಡವರು ಅವರೇ ಆದ್ದರಿಂದ, ಆ ಉಡುಪನ್ನು ಇಪ್ಪತ್ತರ ಹುಡುಗ ತೊಟ್ಟ ಚಿತ್ರ ಕಂಡರೂ ಮನಸ್ಸು ಅವನಿಗೆ ಮುಪ್ಪನ್ನು ಹಚ್ಚುತ್ತದೆ. ಫೋಟೊ ತೆಗೆದ ರೀತಿಯೂ ಸಹಾಯ ಮಾಡಿಲ್ಲ. ನೆರಳುಗಳನ್ನು ನೋಡಿದರೆ ಅದು ನಡುಮಧ್ಯಾಹ್ನ; ನೆತ್ತಿಯ ಮೇಲಿನ ಬಿಸಿಲು ಹುಬ್ಬಿನ ಕೆಳಗೆ, ಕೆನ್ನೆಯ ಗುಳಿಯಲ್ಲಿ ಕಪ್ಪು ತುಂಬಿದೆ. ಆಗಿನ ಎಷ್ಟೋ ಫೋಟೊಗ್ರಾಫರುಗಳು ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ, ಆದ್ದರಿಂದ ಚರ್ಮದ ಕಲೆ, ಬಂಗು, ಕೆಂಪು ಎಲ್ಲವೂ ಇದ್ದದ್ದಕ್ಕಿಂತ ಗಾಢವಾಗಿ ಮೂಡುತ್ತಿದ್ದವು. ಸ್ಟುಡಿಯೋದಲ್ಲಿ ತೆಗೆಸಿದ್ದರೆ ನೆಗೆಟಿವ್‌ನ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು ಅಳಿಸುತ್ತಿದ್ದರು. ಅಂಗಳದ ಗುಂಪುಚಿತ್ರಕ್ಕೆ ಆ ಉಪಚಾರ ಸಿಗುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಮುದುಕರಂತೆ ಕಾಣಬೇಕೆಂದು ಸಮಾಜವೇ ವಿಧಿಸಿದ್ದು. ಮಗಳ ಮದುವೆಯಾದ ಮೇಲೆ ತಾಯಿ ಕಡುಬಣ್ಣದ ಸೀರೆ ಉಡುವುದು, ಮುಡಿ ತುಂಬ ಹೂ ಮುಡಿಯುವುದು ಮಾತಿಗೆ ಗುರಿಯಾಗುತ್ತಿತ್ತು. 38ಕ್ಕೆ ನಿಮ್ಮ ಅಜ್ಜಿ ಅತ್ತೆಯಾದವರು, ಅತ್ತೆಯ ಹಾಗೆ ಕುಳಿತಿದ್ದಾರೆ. ಫೋಟೊದ ಹಿಂದೆ, ಜಗುಲಿಯ ಬಾಗಿಲ ಮರೆಯಲ್ಲಿ ಅರ್ಧ ಮಾತ್ರ ಕಾಣುವ, ಸೆರಗನ್ನು ತಲೆಯ ತುಂಬ ಹೊದ್ದ ಹೆಂಗಸು ಯಾರೆಂದು ನೀವು ಬರೆದಿಲ್ಲ. ಸಾಲಿನಲ್ಲಿ ಅವರಿಗೆ ಜಾಗವಿಲ್ಲದ್ದನ್ನು ನೋಡಿದರೆ ವಿಧವೆ ಇರಬೇಕು. ಕೆಲವು ಸಮುದಾಯಗಳಲ್ಲಿ ಗಂಡ ಸತ್ತ ಹದಿನೆಂಟರ ಹುಡುಗಿಯ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಂದು ಹೊತ್ತಿನ ಊಟಕ್ಕೆ ಇಳಿಸಿ, ಒಂದೇ ದಿನದಲ್ಲಿ ಅವಳನ್ನು ಮುದುಕಿ ಮಾಡುತ್ತಿದ್ದರು. ಅವರ ವಯಸ್ಸನ್ನು ಮನೆಯ ಹಿರಿಯರಲ್ಲಿ ಕೇಳಿ ನೋಡಿ. ನಿಮ್ಮ ಅಜ್ಜಿಗಿಂತ ಚಿಕ್ಕವರಾಗಿದ್ದರೂ ಆಶ್ಚರ್ಯವಿಲ್ಲ.

ಕೊನೆಗೆ ನಿಮ್ಮ ತಲೆಗೂದಲು. ಕೂದಲು ಯಾವಾಗ ನೆರೆಯುತ್ತದೆ ಎಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು, ಆ ವಿಷಯದಲ್ಲಿ ನಿಮಗೂ ಅಜ್ಜನಿಗೂ ಬಹಳ ವ್ಯತ್ಯಾಸವಿರಲಾರದು. ಬಣ್ಣ ಬಿಟ್ಟರೆ ನೀವು ನಾಲ್ಕೈದು ವರ್ಷ ದೊಡ್ಡವರಾಗಿ ಕಾಣಬಹುದು, 65ರವರಾಗಿ ಅಲ್ಲ, ಏಕೆಂದರೆ ನಿಮ್ಮ ಬಾಯಿಯಲ್ಲಿ ಹಲ್ಲುಗಳಿವೆ. ಹಚ್ಚುವುದನ್ನು ಮುಂದುವರಿಸುವುದಾದರೆ ಒಂದು ಎಚ್ಚರಿಕೆ: ಕಪ್ಪು ಬಣ್ಣಗಳಲ್ಲಿ, ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿಯೂ, ಪಿಪಿಡಿ ಎಂಬ ರಾಸಾಯನಿಕ ಇರುವುದು ಸಾಮಾನ್ಯ. ಹಣೆಯ ಅಂಚು, ಕಿವಿಯ ಹಿಂಭಾಗ ಕಪ್ಪಗಾಗಿ, ತುರಿಸಿ, ನೀರಾಡಿ ನನ್ನ ಬಳಿ ಬರುವ ಮಧ್ಯವಯಸ್ಕ ಗಂಡಸರಲ್ಲಿ ಬಹಳಷ್ಟು ಜನರಿಗೆ ಕಾರಣ ಇದೇ, ಮತ್ತು ಅದು ಹತ್ತು ವರ್ಷ ಏನೂ ಆಗದೆ ಹಚ್ಚಿಕೊಂಡವರಿಗೂ ಹನ್ನೊಂದನೆಯ ವರ್ಷ ಶುರುವಾಗಬಲ್ಲದು. ಪ್ರತಿ ಹೊಸ ಪೊಟ್ಟಣದಿಂದ ಒಂದು ಹನಿಯನ್ನು ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾದು ನೋಡಿ. ತುರಿಕೆ ಬಂದರೆ ತಲೆಗೆ ಹಚ್ಚಬೇಡಿ.